ಕೈಯಿಂದ ಕೈಗೆ: ಚಿಶ್ತಿ ಸಿಲ್ಸಿಲಾದ ಗುರುಪರಂಪರೆಯನ್ನು ಓದುವ ಬಗೆ

1356ರಲ್ಲಿ ದೆಹಲಿಯಲ್ಲಿ ಚಿಶ್ತಿ ಎಂಬ ಸೂಫಿ ಪಂಥದ ಗುರು ಶೇಖ್ ನಸೀರುದ್ದೀನ್ ಚಿರಾಗ್ ದೆಹಲ್ವಿ ತೀರಿಕೊಂಡಾಗ, ತಮ್ಮ ಗುರು ನಿಜಾಮುದ್ದೀನ್ ಔಲಿಯಾ ಅವರಿಂದ ಬಂದಿದ್ದ ವಸ್ತುಗಳನ್ನೆಲ್ಲ ಅವರ ಇಚ್ಛೆಯಂತೆ ಅವರ ಜೊತೆಯಲ್ಲೇ ಮಣ್ಣು ಮಾಡಲಾಯಿತು. ಖಿರ್ಖಾ ಎನ್ನುವ ತೇಪೆ ಹಚ್ಚಿದ ನಿಲುವಂಗಿಯನ್ನು ಎದೆಯ ಮೇಲೆ ಹೊದಿಸಿದರು, ಊರುಗೋಲನ್ನು ಪಕ್ಕದಲ್ಲಿರಿಸಿದರು, ಜಪಮಾಲೆಯನ್ನು ಬೆರಳಿಗೆ ಸುತ್ತಿದರು, ಮರದ ಬಟ್ಟಲನ್ನು ತಲೆಯ ಕೆಳಗೂ ಮರದ ಪಾದುಕೆಗಳನ್ನು ಮಗ್ಗುಲಲ್ಲೂ ಇಟ್ಟರು. ಮೃತದೇಹಕ್ಕೆ ಸ್ನಾನ ಮಾಡಿಸಿದವರಲ್ಲಿ ಮೂವತ್ತೈದು ವರ್ಷದ ಒಬ್ಬ ಶಿಷ್ಯರಿದ್ದರು. ಸ್ನಾನ ಮುಗಿದ ಮೇಲೆ ಅವರು ದೇಹವನ್ನು ಮಲಗಿಸಿದ್ದ ಹೊರಸಿನ ಹಗ್ಗವನ್ನು ಬಿಚ್ಚಿ ಕೊರಳಿಗೆ ಹಾಕಿಕೊಂಡು, ತಮಗೆ ಇದೇ ಖಿರ್ಖಾ, ಇಷ್ಟು ಸಾಕು ಎಂದರೆಂದು ಪರಂಪರೆ ಹೇಳುತ್ತದೆ. ಆ ಶಿಷ್ಯರೇ ಮುಂದೆ ಕಲಬುರಗಿಗೆ ಬಂದು ಖಾಜಾ ಬಂದಾನವಾಜ್ ಎಂದು ಹೆಸರಾದ ಸೈಯದ್ ಮುಹಮ್ಮದ್ ಹುಸೇನಿ ಗೇಸುದರಾಜ್.

ಈ ಹಗ್ಗದ ಪ್ರಸಂಗವನ್ನು ಮೊದಲಿಗೇ ಹೇಳಲು ಕಾರಣವಿದೆ. ಗುರುವಿನಿಂದ ಶಿಷ್ಯನಿಗೆ ಹೋಗಬೇಕಾದ ಅಂಗಿ, ಕೋಲು, ಮಾಲೆಗಳೆಲ್ಲ ಮಣ್ಣಿನಡಿ ಸೇರಿದ ಮೇಲೂ ಪರಂಪರೆ ಮುಂದುವರಿಯಿತು ಎಂದಾದರೆ, ಸೂಫಿಗಳು ಒಬ್ಬರಿಂದೊಬ್ಬರಿಗೆ ದಾಟಿಸುವುದು ಏನನ್ನು, ಅದು ದಾಟಿತೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಸಿಲ್ಸಿಲಾ ಎಂಬ ಏರ್ಪಾಡು ಇರುವುದೇ ಈ ಪ್ರಶ್ನೆಗೆ ಉತ್ತರವಾಗಿ.

ಸಿಲ್ಸಿಲಾ ಎಂದರೆ ಅರಬ್ಬಿಯಲ್ಲಿ ಸರಪಳಿ. ಒಬ್ಬ ಸೂಫಿ ತನ್ನ ಗುರುವಿನ ಹೆಸರು, ಆ ಗುರುವಿನ ಗುರುವಿನ ಹೆಸರು, ಹೀಗೆ ಹಿಂದಕ್ಕೆ ಎಣಿಸುತ್ತ ಪ್ರವಾದಿ ಮುಹಮ್ಮದರವರೆಗೆ ಹೋಗಿ ನಿಲ್ಲುವ ಹೆಸರುಗಳ ಸಾಲನ್ನು ಹೀಗೆ ಕರೆಯುತ್ತಾರೆ. ಅದನ್ನೇ ಬರಹಕ್ಕಿಳಿಸಿದಾಗ ಅದು ಶಜರಾ, ಅಂದರೆ ಮರ. ಇದರ ಮೂಲ ಮಾದರಿ ಹದೀಸ್ ವಿದ್ಯೆಯಲ್ಲಿದೆ. ಪ್ರವಾದಿಯವರ ಒಂದು ಮಾತನ್ನು ಉದ್ಧರಿಸುವ ವಿದ್ವಾಂಸನು ಆ ಮಾತನ್ನು ತಾನು ಇಂಥವರಿಂದ ಕೇಳಿದೆ, ಅವರು ಇಂಥವರಿಂದ ಕೇಳಿದರು ಎಂದು ಕೊನೆಯವರೆಗೂ ಹೇಳಬೇಕು. ಇದಕ್ಕೆ ಇಸ್ನಾದ್ ಎಂದು ಹೆಸರು, ನಡುವೆ ಒಂದು ಕೊಂಡಿ ಕಳಚಿದರೂ ಮಾತಿನ ತೂಕ ಇಳಿಯುತ್ತದೆ. ಸೂಫಿಗಳು ಇದೇ ಶಿಸ್ತನ್ನು ಮಾತಿನಿಂದ ಬದುಕಿಗೆ ವಿಸ್ತರಿಸಿದರು. ಜಪ ಮಾಡುವ ಕ್ರಮ, ಹಸಿವನ್ನು ತಾಳುವ ಬಗೆ, ಸಿಟ್ಟನ್ನು ನುಂಗುವ ರೀತಿ, ಬಾಗಿಲಿಗೆ ಬಂದವನಿಗೆ ಅನ್ನವಿಡುವ ಮರ್ಯಾದೆ, ಇವು ಪುಸ್ತಕದಿಂದ ಬರುವಂಥವಲ್ಲ, ಇವನ್ನು ಬಾಳಿ ತೋರಿಸಿದವರ ಜೊತೆಯಲ್ಲಿದ್ದೇ ಕಲಿಯಬೇಕು ಎಂಬುದು ಅವರ ನಂಬಿಕೆ. ನಮ್ಮ ಮಠಗಳಲ್ಲಿ ಗುರುಪರಂಪರೆಯ ಶ್ಲೋಕಗಳನ್ನು ಹೇಳುವುದನ್ನು ಕಂಡವರಿಗೆ ಇದು ಹೊಸದೆನಿಸಲಾರದು. ಆದರೆ ಸೂಫಿಗಳಲ್ಲಿ ಈ ಸಾಲಿಗೆ ಸಾಕ್ಷ್ಯದ ಗುಣವೂ ಸೇರಿದೆ, ಆದ್ದರಿಂದಲೇ ಅದನ್ನು ಪ್ರಶ್ನಿಸಲೂಬಹುದು, ಪರೀಕ್ಷಿಸಲೂಬಹುದು.

ಕೊಂಡಿ ಬೆಸೆಯುವುದು ಎರಡು ಹಂತಗಳಲ್ಲಿ. ಮೊದಲನೆಯದು ಬೈಅತ್: ಮುರೀದ, ಅಂದರೆ ಶಿಷ್ಯ, ಆಗಬಯಸುವವನು ಪೀರರ, ಅಂದರೆ ಗುರುವಿನ, ಕೈಯಲ್ಲಿ ಕೈಯಿಟ್ಟು ಪಶ್ಚಾತ್ತಾಪದ ಮತ್ತು ನಿಷ್ಠೆಯ ಮಾತು ಕೊಡುತ್ತಾನೆ, ಆ ಪೀರರ ಕೈ ಅವರ ಪೀರರ ಕೈಯಲ್ಲಿತ್ತು, ಹೀಗಾಗಿ ಹಿಡಿದದ್ದು ಒಂದು ಕೈಯಾದರೂ ಸರಪಳಿಯೆಲ್ಲ ಹಿಡಿತಕ್ಕೆ ಬಂದಂತೆ. ಸಾವಿರಾರು ಜನ ಈ ಹಂತದಲ್ಲೇ ಇರುತ್ತಾರೆ, ಅದರಲ್ಲಿ ಕೊರತೆಯೇನೂ ಇಲ್ಲ. ಎರಡನೆಯದು ಖಿಲಾಫತ್, ಅಂದರೆ ತಾನೂ ಇತರರನ್ನು ಶಿಷ್ಯರನ್ನಾಗಿ ಸ್ವೀಕರಿಸಬಹುದೆಂಬ ಅನುಮತಿ. ಇದು ಕೆಲವರಿಗೆ ಮಾತ್ರ ಸಿಗುತ್ತಿತ್ತು. ಹಲವು ಸಲ ಖಿಲಾಫತ್‌ನಾಮಾ ಎಂಬ ಬರಹದ ರೂಪದಲ್ಲಿ, ಖಿರ್ಖಾದ ಜೊತೆಗೆ. ಶಜರಾದಲ್ಲಿ ಮುಂದಿನ ಕೊಂಡಿಯಾಗಿ ಉಳಿಯುವುದು ಈ ಖಲೀಫರ ಹೆಸರು.

ಗೇಸುದರಾಜರ ಶಜರಾವನ್ನೇ ಓದಿ ನೋಡೋಣ. ಪ್ರವಾದಿ ಮುಹಮ್ಮದರಿಂದ ಅವರ ಅಳಿಯ ಅಲಿಯವರಿಗೆ, ಅವರಿಂದ ಬಸ್ರಾ ನಗರದ ಹಸನ್ ಬಸ್ರಿಯವರಿಗೆ, ಮುಂದೆ ಅಬ್ದುಲ್ ವಾಹಿದ್ ಬಿನ್ ಜೈದ್, ಫುಜೈಲ್ ಬಿನ್ ಇಯಾಜ್, ಬಲ್ಖ್‌ನ ಇಬ್ರಾಹೀಮ್ ಬಿನ್ ಅದ್ಹಮ್, ಹುಜೈಫಾ ಮರ್ಅಶಿ, ಹುಬೈರಾ ಬಸ್ರಿ, ಮುಮ್ಶಾದ್ ದೀನವರಿ ಇವರಿಗೆ ಇಳಿಯುವ ಸರಪಳಿ, 940ರಲ್ಲಿ ತೀರಿಕೊಂಡ ಅಬು ಇಸ್‌ಹಾಕ್ ಶಾಮಿಯವರ ಕಾಲದಲ್ಲಿ ಚಿಶ್ತ್ ಎಂಬ ಊರನ್ನು ಮುಟ್ಟುತ್ತದೆ. ಇದು ಇಂದಿನ ಅಫ್ಘಾನಿಸ್ತಾನದ ಹೆರಾತ್ ನಗರಕ್ಕೆ ಪೂರ್ವದಲ್ಲಿ, ಹರಿರೂದ್ ನದಿಯ ಕಣಿವೆಯಲ್ಲಿರುವ ಒಂದು ಸಣ್ಣ ಊರು. ಕಾದಿರಿ ಪಂಥಕ್ಕೆ ಬಗ್ದಾದಿನ ಅಬ್ದುಲ್ ಕಾದಿರ್ ಜೀಲಾನಿಯವರ ಹೆಸರು ಬಂದಂತೆ ಇಲ್ಲಿ ವ್ಯಕ್ತಿಯ ಹೆಸರು ಪಂಥಕ್ಕೆ ಬರಲಿಲ್ಲ, ಊರಿನ ಹೆಸರೇ ನಿಂತಿತು. ಚಿಶ್ತ್‌ನಲ್ಲಿ ಅಬು ಅಹ್ಮದ್, ಅಬು ಮುಹಮ್ಮದ್, ಅಬು ಯೂಸುಫ್, ಮೌದೂದ್ ಎಂಬ ನಾಲ್ವರು. ಬಳಿಕ ಹಾಜಿ ಶರೀಫ್ ಜಂದನಿ, ಉಸ್ಮಾನ್ ಹಾರೂನಿ. ಅವರ ಶಿಷ್ಯ ಮುಈನುದ್ದೀನ್ ಚಿಶ್ತಿಯವರೊಡನೆ ಪರಂಪರೆ ಅಜ್ಮೇರಿಗೆ ಬರುತ್ತದೆ. ಅಲ್ಲಿಂದ ಮುಂದೆ ದೆಹಲಿಯ ಮೆಹ್ರೌಲಿಯಲ್ಲಿ ನೆಲೆಸಿದ ಕುತುಬುದ್ದೀನ್ ಬಖ್ತಿಯಾರ್ ಕಾಕಿ, ಇಂದು ಪಾಕಿಸ್ತಾನದಲ್ಲಿರುವ ಪಾಕ್‌ಪಟ್ಟಣದ ಬಾಬಾ ಫರೀದ್, ದೆಹಲಿಯ ನಿಜಾಮುದ್ದೀನ್, ನಸೀರುದ್ದೀನ್, ಕೊನೆಗೆ ಗೇಸುದರಾಜ್.

ಎಣಿಸಿದರೆ 22 ಹೆಸರುಗಳು. ಪ್ರವಾದಿಯವರು ತೀರಿಕೊಂಡ 632ರಿಂದ ಗೇಸುದರಾಜರು ತೀರಿಕೊಂಡ 1422ರವರೆಗೆ 790 ವರ್ಷ. ನಡುವೆ ಹಸ್ತಾಂತರಗಳು 21. ಒಂದೊಂದಕ್ಕೆ ಸರಾಸರಿ ಮೂವತ್ತೇಳೂವರೆ ವರ್ಷ ಬೀಳುತ್ತದೆ. ಗುರುವಿಗೂ ಶಿಷ್ಯನಿಗೂ ನಡುವೆ ಒಂದು ತಲೆಮಾರಿನ ಅಂತರವಿರುವುದು ಸಹಜವಾದ್ದರಿಂದ ಈ ಲೆಕ್ಕ ನಂಬುವಂಥದ್ದೇ. ಯಾವುದೇ ಶಜರಾ ಕೈಗೆ ಬಂದರೆ ಮೊದಲು ಮಾಡಬಹುದಾದ ಪರೀಕ್ಷೆ ಇದು. ಎಂಟು ಶತಮಾನಗಳನ್ನು ಹತ್ತೇ ಹೆಸರುಗಳಲ್ಲಿ ದಾಟಿಸಿದ್ದರೆ ನಡುವೆ ಕೆಲವರು ಬಿಟ್ಟುಹೋಗಿದ್ದಾರೆಂದೇ ತಿಳಿಯಬೇಕು.

ಸರಾಸರಿ ಸರಿಯಿದ್ದ ಮಾತ್ರಕ್ಕೆ ಪ್ರತಿ ಕೊಂಡಿಯೂ ಗಟ್ಟಿಯೆಂದಲ್ಲ. ಈ ಸರಪಳಿಯಲ್ಲಿ ಹೆಚ್ಚು ಚರ್ಚೆಗೊಳಗಾದದ್ದು ಅಲಿ ಮತ್ತು ಹಸನ್ ಬಸ್ರಿಯವರ ನಡುವಿನ ಕೊಂಡಿ. ಹಸನ್ ಹುಟ್ಟಿದ್ದು 642ರಲ್ಲಿ, ಮದೀನಾದಲ್ಲಿ. ಅಲಿಯವರು ಮದೀನಾ ಬಿಟ್ಟು ಇರಾಕ್‌ಗೆ ಹೊರಟದ್ದು 656ರಲ್ಲಿ. ಆಗ ಹಸನ್ ಹದಿನಾಲ್ಕರ ಹುಡುಗ. ನೋಡಿರಬಹುದು, ಮಾತು ಕೇಳಿರಲೂಬಹುದು. ಆದರೆ ಸಾಧನೆಯ ಉಪದೇಶ ಪಡೆದರೇ ಎಂಬುದರ ಬಗ್ಗೆ ಹದೀಸ್ ವಿದ್ವಾಂಸರು ಹಿಂದಿನಿಂದಲೂ ಅನುಮಾನಪಟ್ಟಿದ್ದಾರೆ. ಹದಿನೆಂಟನೆಯ ಶತಮಾನದಲ್ಲಿ ದೆಹಲಿಯ ಶಾಹ್ ವಲಿಯುಲ್ಲಾಹ್ ಈ ಕೊಂಡಿಯನ್ನು ಪ್ರಶ್ನಿಸಿದಾಗ, ಅದೇ ನಗರದ ಚಿಶ್ತಿ ಗುರು ಮೌಲಾನಾ ಫಖ್ರುದ್ದೀನ್ ಅದರ ಸಮರ್ಥನೆಗೆಂದೇ ಒಂದು ಕೃತಿಯನ್ನು ಬರೆದರು. ಒಂದು ಸಾವಿರ ವರ್ಷ ಕಳೆದ ಮೇಲೂ, ಒಬ್ಬ ಹುಡುಗ ಒಬ್ಬ ಹಿರಿಯರ ಬಳಿ ಕುಳಿತಿದ್ದನೇ ಎಂಬುದು ಇಷ್ಟು ಮುಖ್ಯವಾಗಿ ಉಳಿದಿತ್ತು.

ಇನ್ನೊಂದು ಜಾಗದಲ್ಲಿ ಕಾಲಕ್ರಮವೇ ತಿರುವುಮುರುವಾಗಿ ಕಾಣುತ್ತದೆ. ಫುಜೈಲರು ತೀರಿಕೊಂಡದ್ದು 803ರಲ್ಲಿ. ಅವರ ಉತ್ತರಾಧಿಕಾರಿಯೆನಿಸಿದ ಇಬ್ರಾಹೀಮ್ ಅವರಿಗಿಂತ ಸುಮಾರು ಇಪ್ಪತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ಇದರಿಂದ ಸರಪಳಿ ಸುಳ್ಳಾಗುವುದಿಲ್ಲ. ಶಿಷ್ಯ ಗುರುವಿಗಿಂತ ಮೊದಲು ಸಾಯಬಹುದು; ಕುತುಬುದ್ದೀನ್ ಕಾಕಿಯವರು 1235ರ ಕೊನೆಯಲ್ಲಿ ತೀರಿಕೊಂಡರು, ಅವರ ಗುರು ಮುಈನುದ್ದೀನ್ ಅದಾದ ಕೆಲವೇ ತಿಂಗಳಿಗೆ, 1236ರಲ್ಲಿ ತೀರಿಕೊಂಡರು. ಶಜರಾವನ್ನು ರಾಜರ ವಂಶಾವಳಿಯಂತೆ, ಒಬ್ಬರು ಹೋದ ಮೇಲೆ ಇನ್ನೊಬ್ಬರು ಪಟ್ಟಕ್ಕೇರಿದರೆಂಬಂತೆ ಓದುವುದು ಬಹಳ ಮಂದಿ ಮಾಡುವ ತಪ್ಪು. ಇಲ್ಲಿ ಹೇಳುತ್ತಿರುವುದು ಯಾರು ಯಾರಿಂದ ಪಡೆದರು ಎಂಬುದನ್ನು ಮಾತ್ರ.

ಮುಖಾಮುಖಿ ಭೇಟಿ ಸಾಧ್ಯವೇ ಇರದ ಕೊಂಡಿಗಳಿಗೂ ಸೂಫಿಗಳಲ್ಲಿ ಒಂದು ಹೆಸರಿದೆ. ಯೆಮೆನ್‌ನ ಉವೈಸ್ ಕರನಿ ಪ್ರವಾದಿಯವರನ್ನು ಕಣ್ಣಾರೆ ಕಾಣದೆಯೇ ಅವರ ಭಕ್ತರಾದವರು. ಹಾಗಾಗಿ ಅಗಲಿದ ಗುರುವಿನ ಚೈತನ್ಯದಿಂದ ಪಡೆದ ದೀಕ್ಷೆಗೆ ಉವೈಸಿ ಎನ್ನುತ್ತಾರೆ. ಅಲಿಯವರ ಬದಲು ಅಬೂಬಕರ್ ಅವರ ಮೂಲಕ ಪ್ರವಾದಿಯವರನ್ನು ಮುಟ್ಟುವ ನಕ್ಷ್‌ಬಂದಿ ಎಂಬ ಇನ್ನೊಂದು ಸೂಫಿ ಪಂಥದ ಸರಪಳಿಯಲ್ಲಿ, 874ರ ಸುಮಾರಿಗೆ ತೀರಿಕೊಂಡ ಬಾಯಜೀದ್ ಬಿಸ್ತಾಮಿಯವರಿಂದ 1033ರಲ್ಲಿ ತೀರಿಕೊಂಡ ಖರಕಾನಿಯವರಿಗೆ ಹೋಗುವ ಕೊಂಡಿ ಇಂಥದ್ದು. ಅದನ್ನು ಆ ಪಂಥದವರು ಮುಚ್ಚಿಡುವುದಿಲ್ಲ, ಇದು ಉವೈಸಿ ಸಂಬಂಧವೆಂದು ತೆರೆದೇ ಹೇಳುತ್ತಾರೆ. ಆ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಾಣುತ್ತದೆ.

ಭಾರತದ ಚಿಶ್ತಿಗಳ ಮಟ್ಟಿಗೆ ನಿಜಾಮುದ್ದೀನರ ಕಾಲದಿಂದ ಈಚೆಗೆ ಆಧಾರಗಳು ಗಟ್ಟಿಯಾಗುತ್ತವೆ. ಗುರುಗಳ ಸಭೆಯಲ್ಲಿ ನಡೆದ ಮಾತುಗಳನ್ನು ತಾರೀಖು ಹಾಕಿ ಬರೆದಿಡುವ ಮಲ್ಫೂಜಾತ್ ಎಂಬ ಪ್ರಕಾರವನ್ನು ನೆಲೆಗೊಳಿಸಿದವರು ಅವರ ಶಿಷ್ಯ ಕವಿ ಅಮೀರ್ ಹಸನ್ ಸಿಜ್ಜಿ. ಅವರ ‘ಫವಾಯಿದುಲ್ ಫುಆದ್’ 1308ರಿಂದ 1322ರವರೆಗಿನ ಮಾತುಕತೆಗಳ ದಾಖಲೆ. ಅದಕ್ಕೆ ಹಿಂದಿನ ಗುರುಗಳ ಹೆಸರಿನಲ್ಲೂ ಇಂಥ ಪುಸ್ತಕಗಳು ಓಡಾಡುತ್ತವೆ. ಆದರೆ ನಿಜಾಮುದ್ದೀನರಾಗಲಿ, ಅವರ ಹಿಂದಿನ ಚಿಶ್ತಿ ಗುರುಗಳಾಗಲಿ ಯಾವ ಪುಸ್ತಕವನ್ನೂ ಬರೆಯಲಿಲ್ಲವೆಂದು ಸ್ವತಃ ನಸೀರುದ್ದೀನರೇ ತಮ್ಮ ಸಭೆಯಲ್ಲಿ ಹೇಳಿದ್ದು ದಾಖಲಾಗಿದೆ. ಪರಂಪರೆಯ ಮೇಲಿನ ಪ್ರೀತಿ ಎಂದರೆ ಅದರ ಹೆಸರಿನಲ್ಲಿ ಬಂದದ್ದನ್ನೆಲ್ಲ ಒಪ್ಪುವುದೆಂದು ಭಾವಿಸುವವರು ಈ ಮಾತನ್ನು ನೆನಪಿಡಬೇಕು. ಪರಂಪರೆಯೊಳಗೇ ಜರಡಿ ಹಿಡಿದವರಿದ್ದರು.

ಖಿಲಾಫತ್ ಕೊಡುವುದರಲ್ಲೂ ಇಷ್ಟೇ ಕಟ್ಟುನಿಟ್ಟು ಇತ್ತು. ಬಾಬಾ ಫರೀದರು ತಾವು ಕೊಟ್ಟ ಖಿಲಾಫತ್‌ನಾಮಾವನ್ನು ಹಾನ್ಸಿ ಊರಿನಲ್ಲಿದ್ದ ತಮ್ಮ ಹಿರಿಯ ಶಿಷ್ಯ ಜಮಾಲುದ್ದೀನರಿಗೆ ತೋರಿಸಿ ಹೋಗುವಂತೆ ಹೇಳುತ್ತಿದ್ದರು. ಒಮ್ಮೆ ಒಬ್ಬರ ಪತ್ರವನ್ನು ಜಮಾಲುದ್ದೀನರು ಅವರ ಎದುರಿಗೇ ಹರಿದುಹಾಕಿದರು. ದೂರು ಹೊತ್ತು ಹಿಂದಿರುಗಿದ ಆ ಶಿಷ್ಯನಿಗೆ ಫರೀದರು ಹೇಳಿದ್ದು, ಜಮಾಲ್ ಹರಿದದ್ದನ್ನು ಫರೀದ್ ಹೊಲಿಯಲಾರ ಎಂದು. ನಿಜಾಮುದ್ದೀನರು ಬಂಗಾಳದ ಅಖಿ ಸಿರಾಜರಿಗೆ, ಈ ಕೆಲಸಕ್ಕೆ ಮೊದಲ ಮೆಟ್ಟಿಲು ವಿದ್ಯೆ, ಅದು ನಿಮಗಿನ್ನೂ ಸಾಲದು ಎಂದು ಅನುಮತಿಯನ್ನು ತಡೆಹಿಡಿದರು. ಇನ್ನೊಬ್ಬ ಶಿಷ್ಯ ಫಖ್ರುದ್ದೀನ್ ಜರ‍್ರಾದಿ ಆರು ತಿಂಗಳಲ್ಲಿ ಕಲಿಸಿಕೊಡುವ ಹೊಣೆ ಹೊತ್ತು ಹಾಗೆಯೇ ಕಲಿಸಿದ ಮೇಲೆ ಸಿರಾಜರು ಖಿಲಾಫತ್‌ಗೆ ಅರ್ಹರಾದರು. ಗುರುವಿಗೆ ಪ್ರಿಯನಾಗಿದ್ದರೆ ಸಾಲದು, ಮತ್ತೊಬ್ಬರನ್ನು ದಾರಿಯಲ್ಲಿ ನಡೆಸುವ ಯೋಗ್ಯತೆ ಬೇಕು ಎಂಬುದೇ ಇಲ್ಲಿಯ ನಿಲುವು.

ರಕ್ತಸಂಬಂಧದ ವಿಷಯದಲ್ಲಿ ಈ ಸರಪಳಿ ಒಂದೇ ನಿಯಮಕ್ಕೆ ಅಂಟಿಕೊಂಡಿಲ್ಲ. ಚಿಶ್ತ್‌ನ ನಾಲ್ವರು ಒಂದೇ ಮನೆತನದವರು: ತಂದೆ, ಮಗ, ಸೋದರಳಿಯ, ಅವನ ಮಗ. ಮುಈನುದ್ದೀನರಿಂದ ನಸೀರುದ್ದೀನರವರೆಗಿನ ಐವರಲ್ಲಿ ಯಾರೂ ಇನ್ನೊಬ್ಬರ ಮಗನಲ್ಲ; ನಿಜಾಮುದ್ದೀನರೂ ನಸೀರುದ್ದೀನರೂ ಮದುವೆಯನ್ನೇ ಆಗಲಿಲ್ಲ. ಚಿಶ್ತಿ ಪಂಥ ಉತ್ತರ ಭಾರತದಲ್ಲೆಲ್ಲ ಹರಡಿದ್ದು ಇದೇ ಐವರ ಕಾಲದಲ್ಲಿ. ಆಮೇಲೆ ದರ್ಗಾಗಳು ಬೆಳೆದು, ಅವಕ್ಕೆ ಜಮೀನು, ಇನಾಮುಗಳು ಬಂದ ಹಾಗೆ ಗುರುವಿನ ಗದ್ದುಗೆಯನ್ನು ನೋಡಿಕೊಳ್ಳುವ ಸಜ್ಜಾದೆ ನಶೀನ್ ಸ್ಥಾನ ಬಹುತೇಕ ಕಡೆ ವಂಶದಲ್ಲೇ ಉಳಿಯಿತು. ಸಜ್ಜಾದೆ ನಶೀನರು ಖಲೀಫರೂ ಆಗಿರಬಹುದು. ಆದರೆ ಒಂದು ವಂಶದ ಸಾಲು, ಇನ್ನೊಂದು ಉಪದೇಶದ ಸಾಲು ಎಂಬ ಭೇದವನ್ನು ಶಜರಾ ಓದುವವರು ಮರೆಯಬಾರದು.

ಈ ಸಾಲಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಇಲ್ಲದಿರುವುದು ಕಣ್ಣಿಗೆ ಬೀಳದೆ ಇರದು. ಹೆಂಗಸರಿಗೆ ಖಿಲಾಫತ್ ಕೊಡುವುದು ಸಮ್ಮತವಾಗಿದ್ದರೆ ತಮ್ಮ ಮಗಳು ಬೀಬಿ ಶರೀಫಾಗೆ ಕೊಡುತ್ತಿದ್ದೆ ಎಂದು ಬಾಬಾ ಫರೀದರೇ ಹೇಳಿದ್ದರಂತೆ. ಯೋಗ್ಯತೆಯನ್ನು ಗುರುತಿಸಿದ ಮೇಲೂ ಹೆಸರನ್ನು ಸೇರಿಸಲಾಗದೆ ಹೋದ ಆ ಒಂದು ಮಾತು ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ನಿಜಾಮುದ್ದೀನರ ಮೊದಲ ಗುರುವೂ ಅವರ ತಾಯಿ ಬೀಬಿ ಜುಲೈಖಾ ಅವರೇ. ಮನೆಯಲ್ಲಿ ಅನ್ನವಿಲ್ಲದ ದಿನ, ಇವತ್ತು ನಾವು ದೇವರ ಅತಿಥಿಗಳು ಎಂದು ಆಕೆ ಮಗನಿಗೆ ಹೇಳುತ್ತಿದ್ದರು. ಮಗ ಮುಂದೆ ಖಾನ್‌ಖಾಹ್‌ನಲ್ಲಿ, ಅಂದರೆ ಸೂಫಿಗಳ ಮಠದಲ್ಲಿ, ಬಾಳಿದ ದೈವನಿಷ್ಠೆಯ ಬೇರು ಆ ಮಾತಿನಲ್ಲಿದೆ, ಶಜರಾದಲ್ಲಿ ಅದಕ್ಕೆ ಜಾಗವಿಲ್ಲ.

ಈಗ ಮತ್ತೆ 1356ಕ್ಕೆ ಬರೋಣ. ಕೊನೆಗಾಲದಲ್ಲಿ ನಸೀರುದ್ದೀನರ ಮುಂದೆ, ಉತ್ತರಾಧಿಕಾರಕ್ಕೆ ತಕ್ಕವರೆಂದು ತೋರಿದ ಶಿಷ್ಯರ ಪಟ್ಟಿಯೊಂದನ್ನು ಇಟ್ಟಾಗ, ಇವರು ತಂತಮ್ಮ ಧರ್ಮದ ಭಾರ ಹೊತ್ತರೆ ಸಾಕು, ಪರರ ಭಾರ ಹೊರಲಾರರು ಎಂದು ಅವರು ಅದನ್ನು ಒಪ್ಪಲಿಲ್ಲವೆಂಬ ವರದಿಯಿದೆ. ಇದರ ಮೇಲಿಂದ ದೆಹಲಿಯ ಚಿಶ್ತಿ ಸರಪಳಿ ಅಲ್ಲಿಗೇ ನಿಂತಿತು ಎನ್ನುವವರಿದ್ದಾರೆ. ಕಲಬುರಗಿಯ ಪರಂಪರೆಯಾದರೋ, ಗುರುಗಳು ಕೊನೆಯ ದಿನಗಳಲ್ಲಿ ಗೇಸುದರಾಜರಿಗೆ ಖಿಲಾಫತ್ ಕೊಟ್ಟಿದ್ದರೆಂದೇ ಹೇಳುತ್ತದೆ. ಎರಡೂ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರುವುದು ಇಷ್ಟು: ನಸೀರುದ್ದೀನರು ಕೊನೆಗೊಳಿಸಿದ್ದು ಇಡೀ ದೇಶಕ್ಕೆ ಒಬ್ಬನೇ ಮುಖ್ಯ ಗುರು, ಒಂದೇ ಗದ್ದುಗೆ, ಒಂದೇ ಅಂಗಿ ಎಂಬ ಏರ್ಪಾಡನ್ನು. ಉಪದೇಶ ಅದರಾಚೆಗೂ ಹರಿಯಿತು. ಇಪ್ಪತ್ತು ವರ್ಷ ಆ ಗುರುವಿನ ಬಳಿ ಇದ್ದ ಶಿಷ್ಯನಿಗೆ ಸಿಕ್ಕದ್ದು ಹೊರಸಿನ ಹಗ್ಗ. ಅದನ್ನೇ ಅವರು ಖಿರ್ಖಾ ಎಂದು ಕರೆದದ್ದರಲ್ಲಿ ದುಃಖವೂ ಇದೆ, ಹಕ್ಕಿನ ಮಾತೂ ಇದೆ.

1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟಾಗ ಗೇಸುದರಾಜರಿಗೆ ಎಪ್ಪತ್ತೇಳು ವರ್ಷ. ಗ್ವಾಲಿಯರ್, ಗುಜರಾತ್ ದಾಟಿ ಅವರು ಬಂದದ್ದು ದೌಲತಾಬಾದಿನ ಹತ್ತಿರದ ಖುಲ್ದಾಬಾದಿಗೆ. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ಸಾಗಿಸಿದಾಗ ಅಲ್ಲಿಗೆ ಬಂದು ತೀರಿಕೊಂಡ ಅವರ ತಂದೆಯ ಗೋರಿ ಅಲ್ಲಿತ್ತು. ನಿಜಾಮುದ್ದೀನರ ಇನ್ನೊಬ್ಬ ಶಿಷ್ಯ ಬುರ್ಹಾನುದ್ದೀನ್ ಗರೀಬ್ ಕೂಡ 1337ರಿಂದ ಅದೇ ಮಣ್ಣಿನಲ್ಲಿದ್ದರು. ಅಂದರೆ ದಖ್ಖನಿಗೆ ಈ ಮರದ ಒಂದು ಕೊಂಬೆ ಮೊದಲೇ ಚಾಚಿತ್ತು. ಬಳಿಕ ಗೇಸುದರಾಜರು ಫಿರೋಜ್ ಶಾಹ್ ಬಹಮನಿಯ ಕಾಲದಲ್ಲಿ ಕಲಬುರಗಿಗೆ ಬಂದು, ಸುಮಾರು ಎರಡು ದಶಕ ಅಲ್ಲಿದ್ದು, ಹಿಂದಿನ ಚಿಶ್ತಿ ಗುರುಗಳಿಗೆ ಭಿನ್ನವಾಗಿ ಹಲವಾರು ಗ್ರಂಥಗಳನ್ನು ರಚಿಸಿ ಅಲ್ಲೇ ತೀರಿಕೊಂಡರು.

ಅವರಿಂದ ಜಮಾಲುದ್ದೀನ್ ಮಘ್ರಿಬಿ, ಕಮಾಲುದ್ದೀನ್ ಬಯಾಬಾನಿ ಇವರ ಮೂಲಕ ವಿಜಯಪುರದ ಶಾಹ್ ಮೀರಾಂಜಿ ಶಮ್ಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಂ, ಮೊಮ್ಮಗ ಅಮೀನುದ್ದೀನ್ ಆಲಾ ಇವರನ್ನು ಸರಪಳಿ ಮುಟ್ಟುತ್ತದೆ. ಈ ಪರಂಪರೆಯವರು ಜನರ ದಖ್ಖನಿ ಮಾತಿನಲ್ಲಿ ಬರೆದರು. ಹೆಂಗಸರು ಬೀಸುವಾಗ ಹಾಡುವ ಚಕ್ಕಿನಾಮಾಗಳು ಹುಟ್ಟಿದ್ದು ಇಂಥ ವಾತಾವರಣದಲ್ಲಿ. ಬೀಸುಕಲ್ಲಿನ ಗೂಟ ನೆಟ್ಟಗಿರುವ ಅಲಿಫ್ ಅಕ್ಷರ, ಅದೇ ಅಲ್ಲಾಹ್ ಎಂದು ಅವುಗಳಲ್ಲೊಂದು ಹೇಳುತ್ತದೆ. ನಮ್ಮ ಬೀಸುವ ಪದಗಳಲ್ಲಿ ಮೊದಲಿಗೆ ಗುರುವನ್ನೂ ದೇವರನ್ನೂ ನೆನೆಯುವಂತೆಯೇ ಈ ಹಾಡುಗಳಲ್ಲೂ ಪೀರರ ನೆನಪು ಬರುತ್ತದೆ. ಶಜರಾದಲ್ಲಿ ಹೆಸರಿಲ್ಲದ ಹೆಂಗಸರು ಅದನ್ನು ನಸುಕಿನಲ್ಲಿ, ಜೋಳದ ಹಿಟ್ಟಿನ ನಡುವೆ ಹೀಗೆ ಹೊತ್ತು ತಂದರು.

ಈ ಗುರುಪರಂಪರೆಯನ್ನು ಗೌರವಿಸುವ ಕ್ರಮಗಳಲ್ಲಿ ಹಿರಿದಾದದ್ದು ಉರುಸು. ಆ ಪದಕ್ಕೆ ಮದುವೆ ಎಂದು ಅರ್ಥ. ಗುರು ತೀರಿಕೊಂಡ ದಿನ ದೇವರೊಡನೆ ಕೂಡಿಕೊಂಡ ದಿನವೆಂದು ಆಚರಿಸುತ್ತಾರೆ. ಕಲಬುರಗಿಯಲ್ಲಿ ಇದು ಹಿಜರಿಯ ಜಿಲ್ಕಾದ್ ತಿಂಗಳ 15ರಿಂದ 17ರವರೆಗೆ, ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಹೊರಡುವ ಗಂಧದ ಮೆರವಣಿಗೆಯೊಡನೆ ಆರಂಭವಾಗುತ್ತದೆ. ಚಾಂದ್ರಮಾನದ ಲೆಕ್ಕವಾದ್ದರಿಂದ ವರ್ಷ ವರ್ಷವೂ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಅಜ್ಮೇರಿನಲ್ಲಿ ಮುಈನುದ್ದೀನರ ಉರುಸಲ್ಲದೆ ಅವರ ಗುರು ಉಸ್ಮಾನ್ ಹಾರೂನಿಯವರ ಉರುಸನ್ನೂ ನಡೆಸುತ್ತಾರೆ. ಗುರುವಿನ ಮನೆಯಲ್ಲಿ ಗುರುವಿನ ಗುರುವಿಗೆ ಸಲ್ಲುವ ಈ ಮರ್ಯಾದೆಯೇ ಸಿಲ್ಸಿಲಾದ ಜೀವ ಎನ್ನಬಹುದು.

ಪ್ರತಿದಿನದ ಗೌರವ ಇದಕ್ಕಿಂತ ಸದ್ದಿಲ್ಲದ್ದು. ಮುರೀದನಾದವನಿಗೆ ಪೀರರು ಶಜರಾದ ಸಣ್ಣ ಪುಸ್ತಿಕೆಯನ್ನೋ ಹಾಳೆಯನ್ನೋ ಕೊಡುತ್ತಾರೆ. ನಮಾಜಿನ ಬಳಿಕ ಅದನ್ನು ಓದಿ, ಆ ಹಿರಿಯರ ಹೆಸರಿನಲ್ಲಿ ಫಾತಿಹಾ ಹೇಳಿ, ಓದಿದ ಪುಣ್ಯವನ್ನು ಅವರಿಗೆ ಅರ್ಪಿಸುವುದು ವಾಡಿಕೆ. ಪ್ರತಿ ಸಾಲೂ ‘ಇಲಾಹಿ ಬಹುರ್ಮತೆ’ ಎಂದು, ಅಂದರೆ ‘ದೇವರೇ, ಇಂಥವರ ಗೌರವದ ನಿಮಿತ್ತ’ ಎಂದು ಮೊದಲಾಗುತ್ತದೆ. ಅಗಲಿದವರನ್ನು ಬೇಡುವುದು ಸರಿಯಲ್ಲವೆಂಬ ಆಕ್ಷೇಪವನ್ನು ಮುಸ್ಲಿಮರಲ್ಲೇ ಹಲವು ವಿದ್ವಾಂಸರು ಎತ್ತಿದ್ದಾರೆ. ಶಜರಾದ ವಾಕ್ಯವನ್ನು ಗಮನಿಸಿದರೆ ಅಲ್ಲಿ ಕರೆಯುತ್ತಿರುವುದು ದೇವರನ್ನು, ಗುರುಗಳ ಹೆಸರು ಬರುವುದು ಅವರ ಮೇಲಿನ ಪ್ರೀತಿಯನ್ನು ಮುಂದಿಟ್ಟು ಕೇಳಲಿಕ್ಕೆ ಎಂಬುದು ಪಂಥದವರ ಉತ್ತರ.

ಅಚ್ಚಾದ ಅನೇಕ ಶಜರಾಗಳಲ್ಲಿ ಹೆಸರುಗಳೆಲ್ಲ ಮುಗಿದ ಮೇಲೆ ಕೆಳಗೆ ಒಂದು ಸಾಲು ಖಾಲಿ ಇರುತ್ತದೆ. ಬೈಅತ್ ಆದ ದಿನ ಮುರೀದನ ಹೆಸರನ್ನೂ ತಾರೀಖನ್ನೂ ಅಲ್ಲಿ ಪೆನ್ನಿನಿಂದ ಬರೆಯುತ್ತಾರೆ.